ಮನೆಯ ಜೀರ್ಣೋದ್ಧಾರ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ದಂಡಿನ ಪ್ರದೇಶದ ಇಕ್ಕಟ್ಟಾದ ಮನೆಗಳಿಗೆ ಗಾಳಿಬೆಳಕು ಸಾಲದಾಗಿದ್ದಿತು. ಆ ಪಾಠದಿಂದಲೇ ಫ್ರೇಜರ್ ಟೌನು ಹುಟ್ಟಿತು. ಆದುದರಿಂದ ಮನೆಯನ್ನು ಸರಿಪಡಿಸಿಕೊಳ್ಳುವುದು ದೋಷವಲ್ಲ. ಕಾಯವನ್ನು ಕಾಪಾಡುವುದು ಶರಣರಿಗೂ ಸಮ್ಮತವೇ.

ಇಂದು ಹಲಸೂರು, ಇಂದಿರಾನಗರಗಳಲ್ಲಿ ಹಳೆಯ ಅಡಿಗೆಮನೆ, ಬಚ್ಚಲುಮನೆಗಳನ್ನು ಒಡೆದು ಹೊಸದಾಗಿ ಕಟ್ಟಿಸುವರು. ವಿಚಾರಿಸಬೇಕಾದುದು ಇಷ್ಟೆ: ಬಚ್ಚಲಿಗೆ ಕಲ್ಲು ಹಾಸಿದ ಗಾರೆಯಾಳಿಗೆ ಕೈಕಾಲು ತೊಳೆಯಲು ಆ ಮನೆಯಲ್ಲಿ ಎಡೆಯುಂಟೆ? ಅಡಿಗೆಮನೆಗೆ ಮಣ್ಣು ಹೊತ್ತ ಹೆಣ್ಣಾಳಿಗೆ ಮನೆಯವರ ಲೋಟದಲ್ಲಿ ನೀರು ದೊರೆಯುವುದೆ? ಕೂಲಿ ಕೊಟ್ಟೆವಲ್ಲ ಎಂದರೆ ಸಾಲದು. ಕೂಲಿಯು ದುಡಿಮೆಗೆ ಸಲ್ಲುವುದು, ಆದರವು ದುಡಿದವರಿಗೆ ಸಲ್ಲಬೇಕು. ಕಾಯಕವನ್ನು ಒಳಗೆ ಕರೆದು ಕಾಯಕಜೀವಿಯನ್ನು ಹೊರಗಿರಿಸಿದರೆ ಗೋಡೆ ಹೊಸದಾಯಿತು, ಒಡೆಯನ ಮನಸ್ಸು ಹಳೆಯದಾಗಿಯೇ ಉಳಿಯಿತು.

ಗೃಹಪ್ರವೇಶದ ದಿನ ಮೊದಲ ಪಂಕ್ತಿಯ ಪ್ರಸಾದವು ಮನೆ ಕಟ್ಟಿದವರಿಗೆ ಸಲ್ಲಲಿ. ಗೃಹಸ್ಥನ ದಾಸೋಹವು ಅಲ್ಲಿಂದಲೇ ಮೊದಲಾಗುವುದು.