ಪೂಜೆ ಎಂಬ ಮಾತಿನ ಬೇರು

‘ಪೂಜೆ ಆಯಿತೇ?’ ಎಂದು ಬೆಳಗಿನಲ್ಲಿ ನಾವು ಒಬ್ಬರನ್ನೊಬ್ಬರು ಕೇಳುತ್ತೇವೆ. ನೆರೆಯ ಮರಾಠಿಯವರೂ ತೆಲುಗರೂ ಇದೇ ಮಾತನ್ನು ಆಡುತ್ತಾರೆ. ಇಷ್ಟು ಬಳಕೆಯ ಮಾತು ಬಂದದ್ದೆಲ್ಲಿಂದ?

ವೇದಕಾಲದ ಮುಖ್ಯ ಕರ್ಮ ಯಜ್ಞ. ಬೆಂಕಿಗೆ ಆಹುತಿ ಕೊಡುವುದು ಅದರ ಕ್ರಮ. ನೀರು, ಹೂವು, ಗಂಧಗಳ ಪೂಜೆ ಬೇರೆಯೇ ಬಗೆಯದು. ಆ ಶಬ್ದವೂ ಋಗ್ವೇದದಲ್ಲಿ ತೀರ ವಿರಳ. ಆದ್ದರಿಂದ ಕೆಲವು ಪಂಡಿತರು ಇದರ ಬೇರನ್ನು ದ್ರಾವಿಡ ನುಡಿಗಳಲ್ಲಿ ಹುಡುಕಿದರು. ‘ಪೂ’ ಎಂದರೆ ಹೂವು, ತಮಿಳಿನ ‘ಸೆಯ್’ ಎಂದರೆ ಮಾಡು. ಹೂವಿನಿಂದ ಮಾಡುವುದೇ ಪೂಜೆ ಎಂಬುದು ಒಂದು ಮತ. ‘ಪೂಸು’, ಅಂದರೆ ಬಳಿ, ಸವರು ಎಂಬುದರಿಂದ ಬಂತೆಂಬುದು ಇನ್ನೊಂದು. ಎರಡನ್ನೂ ಒಪ್ಪದವರಿದ್ದಾರೆ. ವಾದ ಇನ್ನೂ ತೀರಿಲ್ಲ.

ನಮಗಂತೂ ‘ಪೂಸು’ ಹಿಡಿಸುತ್ತದೆ. ಹಣೆಗೆ ವಿಭೂತಿ ಧರಿಸುವಾಗ ಮಾಡುವುದು ಅದನ್ನೇ. ಕಾರ ಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ರೈತನೂ, ದೀಪಾವಳಿಗೆ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುವ ವ್ಯಾಪಾರಿಯೂ ಮಾಡುವುದು ಅದನ್ನೇ. ಸೊಲ್ಲಾಪುರದ ಸಿದ್ಧರಾಮೇಶ್ವರರ ಜಾತ್ರೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಅರವತ್ತೆಂಟು ಲಿಂಗಗಳಿಗೆ ಎಣ್ಣೆಯ ಅಭಿಷೇಕವಾಗುತ್ತದೆ. ಮರಾಠಿ ಮಾತಾಡುವವರೂ ಅದನ್ನು ‘ಯಣ್ಣಿಮಜ್ಜನ’ವೆಂದೇ ಕರೆಯುತ್ತಾರೆ. ನಮ್ಮ ಎಣ್ಣೆ, ನಮ್ಮ ಮಜ್ಜನ ಅಲ್ಲಿ ಹಾಗೆಯೇ ಉಳಿದಿವೆ!

ಹೂವನ್ನು ಇನ್ನೊಬ್ಬರ ಕೈಲಿ ಕಳಿಸಬಹುದು. ಬಳಿಯುವುದಕ್ಕೆ ಮಾತ್ರ ನಮ್ಮ ಕೈಯೇ ಬೇಕು, ಬೆರಳು ಮುಟ್ಟಲೇಬೇಕು. ಇಂದು ಹಣ ಕಳಿಸಿ, ‘ನಮ್ಮ ಹೆಸರಿನಲ್ಲಿ ಪೂಜೆ ಮಾಡಿಸಿಬಿಡಿ’ ಎನ್ನುವ ರೂಢಿ ಬೆಳೆದಿದೆ. ಅಂಗಡಿ ಬಿಟ್ಟು ಬರಲಾಗದು, ಹೊಲದಲ್ಲಿ ಕೊಯ್ಲು ನಡೆದಿದೆ. ಕಷ್ಟ ನಮಗೂ ಗೊತ್ತು. ದಾಸೋಹಕ್ಕೆ ಕೊಟ್ಟ ಹಣ ಅನ್ನವಾಗುತ್ತದೆ, ಅದು ಸಾರ್ಥಕ. ಆದರೆ ಅದನ್ನು ನಮ್ಮ ಪೂಜೆಯೆಂದು ಲೆಕ್ಕಕ್ಕೆ ಹಿಡಿಯಬಹುದೇ? ಶಬ್ದದ ಬೇರು ಯಾವ ಕಡೆ ಇದ್ದರೂ ಇಷ್ಟಲಿಂಗವನ್ನು ಒಬ್ಬೊಬ್ಬರ ಅಂಗೈಗೆ ಬೇರೆ ಬೇರೆಯಾಗಿ ಕೊಟ್ಟದ್ದಂತೂ ನಿಜ. ಮನೆಗೊಂದು ಸಾಕು ಎನ್ನಲಿಲ್ಲ.

ಹಾಗಾದರೆ ಕೈ ನಡುಗುವ ವೃದ್ಧರ ಪಾಡೇನು ಎಂದು ಭಕ್ತರೊಬ್ಬರು ನಮ್ಮನ್ನು ಕೇಳಿದರು. ಅವರ ಮನೆಯಲ್ಲಿಯೇ ಸೊಸೆ ಮಾವನವರ ಎಡಗೈಯನ್ನು ಕೆಳಗಿನಿಂದ ಹಿಡಿದಿರುತ್ತಾಳಂತೆ. ಪತ್ರಿ ಏರಿಸುವವರು ಮಾವನವರೇ. ಒಮ್ಮೊಮ್ಮೆ ಅದು ಕೆಳಗೆ ಬೀಳುತ್ತದೆ. ಅವಳು ಎತ್ತಿ ಮತ್ತೆ ಅವರ ಬೆರಳಿಗೇ ಕೊಡುತ್ತಾಳೆ.