ಬಲೆಗೆ ಭೇದವಿಲ್ಲ, ನಮಗೆ?



ನಮ್ಮ ಮಾರುಕಟ್ಟೆಯ ರಾವಸ್ ಮೀನನ್ನು ಕೆಲವರು ‘ಇಂಡಿಯನ್ ಸಾಲ್ಮನ್’ ಎಂದು ಕರೆಯುವುದುಂಟು. ನಾನಿಲ್ಲಿ ಹೇಳಹೊರಟ ಸಾಲ್ಮನ್ ಅದಲ್ಲ. ಕೆನಡಾ ದೇಶದ ಪಶ್ಚಿಮ ತೀರದಲ್ಲಿ ಫ್ರೇಸರ್ ಎಂಬ ದೊಡ್ಡ ನದಿಯಿದೆ. ಅದರ ಉಪನದಿ, ಸರೋವರಗಳಲ್ಲಿ ಹುಟ್ಟುವ ಸಾಕೈ ಸಾಲ್ಮನ್ ಮೀನುಗಳು ಸಮುದ್ರಕ್ಕಿಳಿದು ಬೆಳೆದು, ಕೊನೆಗೆ ಹುಟ್ಟಿದ ನೀರನ್ನೇ ವಾಸನೆಯಿಂದ ಗುರುತಿಸಿ ಹಿಂದಿರುಗುತ್ತವೆ, ಮೊಟ್ಟೆಯಿಟ್ಟು ಸಾಯುತ್ತವೆ. ತಲೆತಲಾಂತರದಿಂದ ಹೀಗೆ ತವರಿಗೇ ಮರಳಿದ್ದರಿಂದ ಒಂದೊಂದು ಸರೋವರದ ಕುಲಕ್ಕೂ ಡಿಎನ್‌ಎಯಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳು ಮೂಡಿವೆ.

ಕಣ್ಣಿಗೆ ಮಾತ್ರ ಎಲ್ಲವೂ ಒಂದೇ. ಆಡಮ್ಸ್ ನದಿಯ ಕುಲ ಒಳ್ಳೆಯ ವರ್ಷಗಳಲ್ಲಿ ಲಕ್ಷೋಪಲಕ್ಷವಾಗಿ ಬರುತ್ತದೆ. ಅದರ ಜೊತೆಗೇ ಈಜಿ ಬರುವ ಕಲ್ಟಸ್ ಸರೋವರದ ಕುಲ ಕೆಲವು ವರ್ಷ ಸಾವಿರವನ್ನೂ ಮುಟ್ಟುವುದಿಲ್ಲ. ಬಲೆ ಎರಡನ್ನೂ ಎತ್ತುತ್ತದೆ.

ಈಗ ಪರೀಕ್ಷೆಗೆಂದು ಹಿಡಿದ ಮೀನುಗಳ ಮೈಯಿಂದ ಒಂದು ಚೂರು ತೆಗೆದು, ಆಯಾ ಸರೋವರದಿಂದ ಮೊದಲೇ ಸಂಗ್ರಹಿಸಿಟ್ಟ ಮಾದರಿಗಳೊಡನೆ ಹೋಲಿಸಿ, ಯಾವ ಕುಲದ ಪಾಲು ಎಷ್ಟೆಂದು ಋತುವಿನ ನಡುವೆಯೇ ಅಂದಾಜು ಮಾಡುತ್ತಾರೆ. ಮೀನುಗಾರಿಕೆಯನ್ನು ಎಂದು ತೆರೆಯಬೇಕು, ಎಂದು ಮುಚ್ಚಬೇಕು ಎಂಬುದಕ್ಕೆ ಇದೂ ಒಂದು ಆಧಾರ. ತೀರಾ ವಿರಳವಾದ ಕುಲದ ಲೆಕ್ಕ ತಪ್ಪಲೂಬಹುದು, ನಿಜ. ಆದರೂ ‘ನಮಗೆ ಗೊತ್ತಿರಲಿಲ್ಲ’ ಎನ್ನುವಂತಿಲ್ಲ.

ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ನಾವು ‘ಇಮ್ಮಡಿ ಪರಿಣಾಮ’ದ ತತ್ವವನ್ನು ಓದಿದ್ದೆವು. ಆತ್ಮರಕ್ಷಣೆಯನ್ನು ಕುರಿತು ಬರೆಯುವಾಗ ಸಂತ ತೋಮಾಸ್ ಅಕ್ವಿನಾಸರು ಇದಕ್ಕೆ ತಳಪಾಯ ಹಾಕಿದರು. ಒಂದೇ ಕೃತ್ಯಕ್ಕೆ ಎರಡು ಫಲ: ಒಂದು ಉದ್ದೇಶಿಸಿದ್ದು, ಇನ್ನೊಂದು ಉದ್ದೇಶಿಸದ್ದು. ಬೆಸ್ತನು ಬಲೆ ಬೀಸುವುದು ಆಡಮ್ಸ್ ಮೀನಿಗೆ. ಕಲ್ಟಸ್ ಮೀನು ಸಾಯಲೆಂದು ಅವನೇನೂ ಬಯಸುವುದಿಲ್ಲ. ಹಾಗೆಂದು ಅಲ್ಲಿಗೆ ಮುಗಿಯಲಿಲ್ಲ. ದೊರೆಯುವ ಒಳಿತು ಆಗುವ ಕೆಡುಕಿಗೆ ಸರಿದೂಗಬೇಕು. ಹಿಂದೆ ತೂಗಲು ನೆಟ್ಟಗಿನ ತಕ್ಕಡಿಯೇ ಇರಲಿಲ್ಲ.

ತೂಗಿದವರು ಏನು ಮಾಡಿದರು? 2002ರಲ್ಲಿ ತಜ್ಞರ ಸಮಿತಿ ಕಲ್ಟಸ್ ಕುಲ ಅಳಿವಿನಂಚಿನಲ್ಲಿದೆ ಎಂದಿತು. 2005ರಲ್ಲಿ ಕೆನಡಾ ಸರ್ಕಾರ ಅದನ್ನು ರಕ್ಷಣೆಯ ಕಾನೂನಿನ ಪಟ್ಟಿಗೆ ಸೇರಿಸಲೊಪ್ಪಲಿಲ್ಲ. ಮೀನುಗಾರರಿಗೆ ಆಗುವ ನಷ್ಟ ವಿಪರೀತವೆಂದಿತು. ಬೈಯುವುದು ಸುಲಭ. ಆ ನದಿಯನ್ನೇ ನಂಬಿದ ಸ್ಟೋಲೋ ಮೂಲನಿವಾಸಿಗಳಿದ್ದಾರೆ, ಸಾಲ ಮಾಡಿ ದೋಣಿ ಕೊಂಡವರಿದ್ದಾರೆ. ಸರೋವರವನ್ನು ಕೆಡಿಸಿದ್ದರಲ್ಲಿ ಅದರ ದಡದ ಮನೆಗಳು, ಪ್ರವಾಸಿಗರ ಪಾಲೂ ಇದೆ. ಎಲ್ಲ ಪಾಪವನ್ನೂ ಬಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಆದರೂ ನನ್ನ ಮನಸ್ಸು ಆ ತೀರ್ಮಾನವನ್ನು ಒಪ್ಪುತ್ತಿಲ್ಲ. ಒಂದು ಋತುವಿನ ದುಡಿಮೆಯ ನಷ್ಟವನ್ನು ಹಣದಿಂದ ತುಂಬಬಹುದು. ಅಳಿದ ಕುಲವನ್ನು ಆಡಮ್ಸ್ ಮೀನು ತಂದುಬಿಟ್ಟು ತುಂಬಲಾಗದು. ಅದು ಬೇರೆ ನೀರಿಗೆ ಒಗ್ಗಿದ ಮೀನು.

ಒಂದು ನಡುದಾರಿಯಿದೆ. ಕಲ್ಟಸ್ ಮೀನುಗಳು ತಮ್ಮ ಸರೋವರದತ್ತ ತಿರುಗಿಹೋದ ಮೇಲೆ, ನದಿಯ ಮೇಲ್ಭಾಗದಲ್ಲಿ ಬಲೆ ಬೀಸುವುದು. ಅಷ್ಟರಲ್ಲಿ ಮೀನಿನ ಮಾಂಸ ಸಡಿಲವಾಗಿ ಬೆಲೆ ಇಳಿದಿರುತ್ತದೆ. ಸಮುದ್ರತೀರದ ದೋಣಿಗಳಿಗೆ ಅಷ್ಟೂ ಸಿಗುವುದಿಲ್ಲ. ಆ ಹೊರೆಯಲ್ಲಿ ಒಂದು ಪಾಲನ್ನು ದೂರದ ಊರುಗಳಲ್ಲಿ ಕುಳಿತು ಸಾಲ್ಮನ್ ತಿನ್ನುವವರೂ ಹೊರಬೇಕೆಂದು ನನಗನ್ನಿಸುತ್ತದೆ. ನೀವೇನೆನ್ನುತ್ತೀರಿ?