ಆಹಾರದಿಂದ ಲಿಂಗಪರಿವರ್ತನೆ ಮತ್ತು ಅಹಿಂಸಾಣುವ್ರತ

ಅಹಿಂಸಾಣುವ್ರತವೆಂದೊಡನೆ ಪ್ರಾಣಿವಧೆಯ ತ್ಯಾಗವೇ ಮನಸ್ಸಿಗೆ ತೋರುತ್ತದೆ. ಆದರೆ ಕೊಲ್ಲದೆ, ಹೊಡೆಯದೆ, ಹಸಿವಿನಲ್ಲಿರಿಸದೆ ಒಂದು ಜೀವಿಯ ದೇಹಪ್ರಕೃತಿಯನ್ನೇ ತಿರುಗಿಸಿದರೆ ಅದು ಹಿಂಸೆಯಾಗುವುದೇ? ಇಂದಿನ ಮೀನು ಸಾಕಣೆಯು ಈ ಪ್ರಶ್ನೆಯನ್ನು ಶ್ರಾವಕರ ಮುಂದಿರಿಸಿದೆ.

ಆಫ್ರಿಕಾ ಮೂಲದ ತಿಲಾಪಿಯಾ ಮೀನು 1952ರಲ್ಲಿ ಭಾರತಕ್ಕೆ ಬಂದಿತು. ಇದು ಎಳೆಯ ವಯಸ್ಸಿನಲ್ಲಿಯೇ ಪದೇ ಪದೇ ಮರಿಮಾಡುವುದರಿಂದ ಕೊಳವು ಸಣ್ಣ ಮೀನುಗಳಿಂದ ತುಂಬುತ್ತದೆ. ಗಂಡು ಹೆಣ್ಣಿಗಿಂತ ಬೇಗ ಬೆಳೆಯುತ್ತದೆ. ಆದುದರಿಂದ ಅನೇಕ ದೇಶಗಳಲ್ಲಿ, ಲಿಂಗವಿನ್ನೂ ವ್ಯಕ್ತವಾಗದ ಮರಿಗಳಿಗೆ ಮೀಥೈಲ್ ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನನ್ನು ಮದ್ಯಸಾರದಲ್ಲಿ ಕರಗಿಸಿ, ಕಿಲೋ ಆಹಾರಕ್ಕೆ ಸುಮಾರು 60 ಮಿಲಿಗ್ರಾಂನಂತೆ ಬೆರೆಸಿ, ಮೂರು ನಾಲ್ಕು ವಾರ ತಿನ್ನಿಸುತ್ತಾರೆ. ಹೆಣ್ಣಾಗಬೇಕಿದ್ದ ಮರಿಗಳೂ ಬಹುಮಟ್ಟಿಗೆ ಗಂಡಾಗಿಯೇ ಬೆಳೆಯುತ್ತವೆ. ಹಾರ್ಮೋನಿನಿಂದ ಮೀನಿನ ಲಿಂಗವನ್ನು ತಿರುಗಿಸಬಹುದೆಂಬುದನ್ನು ಜಪಾನಿನ ವಿಜ್ಞಾನಿ ಯಮಾಮೊಟೊ 1953ರಲ್ಲಿಯೇ ಮೆಡಕಾ ಎಂಬ ಪುಟ್ಟ ಮೀನಿನಲ್ಲಿ ತೋರಿಸಿದ್ದರು.

ಇದರ ಪಕ್ಷದಲ್ಲಿ ಒಂದು ಮಾತುಂಟು: ಮರಿಗಳಿಗೆ ನೋವಿಲ್ಲ, ಅಷ್ಟೇ ತೂಕದ ಮಾಂಸಕ್ಕೆ ಸಾಯುವ ಜೀವಗಳ ಸಂಖ್ಯೆಯೂ ಕಡಮೆ. ಈ ಮಾತನ್ನು ತಳ್ಳಿಹಾಕಲಾಗದು. ಸಾವುಗಳು ಕಡಮೆಯಾದರೆ ದ್ರವ್ಯಹಿಂಸೆ ಅಷ್ಟರಮಟ್ಟಿಗೆ ಕಡಮೆಯೇ. ಆದರೆ ಭಾವಹಿಂಸೆಯನ್ನು ಅಳೆಯುವುದು ಸಂಖ್ಯೆಯಿಂದಲ್ಲ, ಕಷಾಯದಿಂದ. ಇಲ್ಲಿ ಜೀವಗಳು ಕಡಮೆಯಾದುದು ಕರುಣೆಯ ಫಲವಲ್ಲ, ಲೋಭದ ಲೆಕ್ಕ.

ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳುತ್ತದೆ. ಮೀನಿನ ಮರಿಗೆ ಅನ್ನವನ್ನು ತಡೆದಿಲ್ಲ, ಕೊಟ್ಟಿದೆ; ಆದ್ದರಿಂದ ದೋಷವಿಲ್ಲವೆನ್ನಬಹುದೇ? ಐದು ಅತಿಚಾರಗಳ ಮೂಲವೂ ಒಂದೇ: ಪರಜೀವವನ್ನು ತನ್ನ ಪ್ರಯೋಜನದ ಸಾಧನವೆಂದು ಕಾಣುವುದು. ಆ ದೃಷ್ಟಿಯಿಂದ ಕೊಟ್ಟ ಅನ್ನವು ದಾನವಾಗದು. ಅದು ಬಂಧನದ ಇನ್ನೊಂದು ರೂಪ.

ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಮಾಡುವವನು ತನ್ನ ಆಹಾರವನ್ನು ಬಿಟ್ಟು ತನ್ನ ಇಚ್ಛೆಯನ್ನು ತಿದ್ದಿಕೊಳ್ಳುತ್ತಾನೆ. ಈ ಉದ್ಯಮವಾದರೋ ಇಚ್ಛೆಯನ್ನು ಇದ್ದಂತೆಯೇ ಬಿಟ್ಟು, ಆಹಾರವನ್ನು ಕೊಟ್ಟು, ಜೀವಿಯನ್ನು ತಿದ್ದುತ್ತದೆ. ಎರಡರ ದಾರಿಯೂ ವಿರುದ್ಧ.

ಮೀನನ್ನು ಮುಟ್ಟದ ಮನೆತನಗಳಿಗೆ ಇದರ ಚಿಂತೆಯೇಕೆ ಎನ್ನುವಂತಿಲ್ಲ. ಹಿಂಸೆಯು ಕೃತ, ಕಾರಿತ, ಅನುಮೋದನೆಗಳೆಂದು ಮೂರು ಬಗೆ. ಕೊಳಕ್ಕೆಂದು ಜಮೀನನ್ನು ಗೇಣಿಗೆ ಕೊಡುವಾಗ, ಮೇವಿನ ವ್ಯಾಪಾರಕ್ಕೆ ಬಂಡವಾಳ ಹೂಡುವಾಗ ಕೈ ಒದ್ದೆಯಾಗದಿರಬಹುದು, ಪರಿಣಾಮವು ನಿರ್ಮಲವಾಗಿರದು. ಉಪವಾಸದ ದಿನ ತಟ್ಟೆಯನ್ನು ನೋಡಿಕೊಳ್ಳುವ ಶ್ರಾವಕನು ಲೆಕ್ಕದ ಪುಸ್ತಕವನ್ನೂ ಒಮ್ಮೆ ನೋಡಿಕೊಳ್ಳುವುದು ಲೇಸು.